ಕುಕ್ಕಿಸಿಕೊಂಡ ಕೋಳಿಗೆ ಆರೈಕೆ



ಇವತ್ತು ಕೋಳಿಯ ವಿಷಯ ಮಾತಾಡೋಣ. ನಮ್ಮ ತಾಳವಾಡಿ ಸೀಮೆಯಲ್ಲಿ ಮನೆ ಮುಂದೆ ನಾಲ್ಕು ಯಾಟೆ, ಒಂದು ಹುಂಜ ಓಡಾಡಿಕೊಂಡಿದ್ದರೆ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಮೊಟ್ಟೆ ಮಾರಿದ ದುಡ್ಡಲ್ಲಿ ಮಕ್ಕಳ ನೋಟುಪುಸ್ತಕ ಬರುತ್ತದೆ. ಸಂತೆ ಖರ್ಚಿಗೂ ಆಗುತ್ತದೆ. ಇಂಥ ಕೋಳಿಯನ್ನು ನರಿ, ಹದ್ದಿನಿಂದ ನಾವು ಕಾಯುತ್ತೇವೆ. ಆದರೆ ಜೊತೆಯ ಕೋಳಿಗಳೇ ಕುಕ್ಕಿ ಕುಕ್ಕಿ ಕೊಂದರೆ ಏನು ಮಾಡುವುದು?

ಕೋಳಿಗಳಲ್ಲಿ ದೊಡ್ಡವರು, ಚಿಕ್ಕವರು ಅಂತ ಸಾಲು ಇರುತ್ತದೆ. ಮೇಲಿನದು ಕೆಳಗಿನದನ್ನು ಒಮ್ಮೆ ಕುಕ್ಕಿ ಓಡಿಸುತ್ತದೆ. ಇದು ಸಹಜ. ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಚರ್ಮ ಹರಿದು ರಕ್ತ ಕಂಡರೆ ಮಾತು ಬೇರೆ. ಕೆಂಪು ಬಣ್ಣ ಕಂಡ ಕಡೆ ಎಲ್ಲಾ ಕೋಳಿಗಳೂ ಕುಕ್ಕುತ್ತವೆ. ಬೆಳಿಗ್ಗೆ ಕಂಡ ಸಣ್ಣ ಗಾಯ ಸಂಜೆಯೊಳಗೆ ಪ್ರಾಣ ತೆಗೆಯಬಹುದು.

ಅದಕ್ಕೇ ಮೊದಲ ಕೆಲಸ ಔಷಧಿ ಹಚ್ಚುವುದಲ್ಲ. ಗಾಯವಾದ ಕೋಳಿಯನ್ನು ಬೇರೆ ಮಾಡುವುದು. ನೆರಳಲ್ಲಿ ಬಿದಿರಿನ ಮಂಕರಿ ಕವುಚಿ ಒಳಗೆ ಬಿಡಿ. ಕೆಳಗೆ ಒಣಹುಲ್ಲು ಹಾಕಿ. ಕುಡಿಯಲು ನೀರು, ತಿನ್ನಲು ನುಚ್ಚು ಇಡಿ. ಮಂಕರಿ ಉಳಿದ ಕೋಳಿಗಳ ಕಣ್ಣಿಗೆ ಕಾಣುವ ಹಾಗಿರಲಿ. ಕಾಣದೇ ಹೋದರೆ ಅವು ಇದನ್ನು ಮರೆತುಬಿಡುತ್ತವೆ. ವಾಪಸು ಬಂದಾಗ ಹೊಸ ಕೋಳಿ ಅಂತ ಮತ್ತೆ ಕುಕ್ಕುತ್ತವೆ.

ಎರಡನೆಯ ಕೆಲಸ ರಕ್ತ ನಿಲ್ಲಿಸುವುದು. ಕೋಳಿಯನ್ನು ಟವೆಲ್‌ನಲ್ಲಿ ಸುತ್ತಿ ಹಿಡಿಯಿರಿ. ಕಣ್ಣು ಮುಚ್ಚುವಂತೆ ಬಟ್ಟೆ ಹಾಕಿದರೆ ಸುಮ್ಮನಿರುತ್ತದೆ. ಮೂಗು ಮುಚ್ಚಬಾರದು. ಒಗೆದ ಬಟ್ಟೆಯನ್ನು ಗಾಯದ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿ.

ಮೂರನೆಯದು ತೊಳೆಯುವುದು. ಒಂದು ಲೀಟರ್ ನೀರು ಕುದಿಸಿ. ಒಂದೂವರೆ ಚಿಕ್ಕ ಚಮಚ ಉಪ್ಪು ಹಾಕಿ. ಉಗುರು ಬೆಚ್ಚಗಾದ ಮೇಲೆ ಗಾಯದ ಮೇಲೆ ಸುರಿಯಿರಿ. ಮಣ್ಣು, ಹಿಕ್ಕೆ ಎಲ್ಲಾ ಹೋಗಬೇಕು. ಗಾಯಕ್ಕೆ ಅಂಟಿದ ಗರಿಯನ್ನು ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ.

ನಾಲ್ಕನೆಯದು ಔಷಧಿ. ಮೆಡಿಕಲ್ ಶಾಪಿನಲ್ಲಿ ಪೊವಿಡೋನ್ ಅಯೋಡಿನ್ ಸಿಗುತ್ತದೆ. ಹಾಲು ಹಾಕದ ತೆಳ್ಳನೆ ಟೀ ಬಣ್ಣ ಬರುವವರೆಗೆ ಅದಕ್ಕೆ ನೀರು ಬೆರೆಸಿ ಹಚ್ಚಿ. ನೀವೀಗ ಅಂಕಿ ಓದಲು ಕಲಿತಿದ್ದೀರಿ. ಬಾಟಲಿಯ ಮೇಲಿನ ತಿಂಗಳು, ವರ್ಷ ಓದಿ ನೋಡಿ. ಅವಧಿ ಮುಗಿದಿದ್ದರೆ ತಗೋಬೇಡಿ. ಗಾಯದ ಸುತ್ತ ಬೇವಿನೆಣ್ಣೆ ಸವರಿದರೆ ಆ ವಾಸನೆಗೆ ನೊಣ ಹತ್ತಿರ ಬರುವುದು ಕಡಿಮೆ. ನೊಣ ಕೂತರೆ ಹುಳ ಬೀಳುತ್ತದೆ. ದಿನಕ್ಕೆ ಎರಡು ಸಲ ಗಾಯ ನೋಡಿ. ಸೀಮೆಎಣ್ಣೆ, ಸುಣ್ಣ, ಮೆಣಸಿನ ಪುಡಿ ಇವು ಯಾವುದೂ ಬೇಡ. ಇವು ಹಸಿ ಮಾಂಸವನ್ನು ಸುಡುತ್ತವೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಗಾಯ ಆಳವಾಗಿದ್ದರೆ, ಹುಳ ಬಿದ್ದಿದ್ದರೆ, ಕೆಟ್ಟ ವಾಸನೆ ಬಂದರೆ, ಹಿಂಭಾಗ ಕುಕ್ಕಿ ಕರುಳು ಹೊರಗೆ ಕಂಡರೆ ಮನೆ ಮದ್ದು ಸಾಲದು. ತಡಮಾಡದೆ ದನದ ಆಸ್ಪತ್ರೆಗೆ ಒಯ್ಯಿರಿ. ಜುಟ್ಟು, ಮುಖ, ಕಣ್ಣಿನ ಸುತ್ತ ಗಂಟು ಗಂಟು ಹಕ್ಕಳೆ ಎದ್ದಿದ್ದರೆ ಅದು ಕುಕ್ಕಿದ ಗಾಯ ಅಲ್ಲದೇ ಇರಬಹುದು. ಕೋಳಿ ಸಿಡುಬೂ ಹಾಗೇ ಕಾಣುತ್ತದೆ. ಅದನ್ನೂ ಡಾಕ್ಟರಿಗೆ ತೋರಿಸಿ. ಅವರು ಔಷಧಿ ಕೊಟ್ಟರೆ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿ ಬರೆದುಕೊಳ್ಳಿ.

ಗಾಯ ಮಾಗಿ, ಕೆಂಪು ಹೋಗಿ, ಚರ್ಮ ಕೂಡಿದ ಮೇಲೇ ಕೋಳಿಯನ್ನು ಗುಂಪಿಗೆ ಬಿಡಿ. ಹಗಲು ಬೇಡ. ಕತ್ತಲಾದ ಮೇಲೆ, ಎಲ್ಲಾ ಕೂತಿರುವಾಗ ಗೂಡಿಗೆ ಸೇರಿಸಿ. ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ.

ಇಷ್ಟು ಮಾಡಿದರೂ ಕೆಲಸ ಅರ್ಧ ಮುಗಿದಂತೆ. ಯಾಕೆ ಕುಕ್ಕಿದವು ಅಂತ ಹುಡುಕಬೇಕು. ಇಲ್ಲದಿದ್ದರೆ ನಾಳೆ ಇನ್ನೊಂದು ಕೋಳಿಯ ಸರದಿ.

ಗೂಡು ಇಕ್ಕಟ್ಟಾಗಿದೆಯಾ? ರಾತ್ರಿ ಮಲಗಲು ಒಂದು ಕೋಳಿಗೆ 2 ಚದರ ಅಡಿ ಜಾಗ ಇರಲಿ. ಮಳೆ ಬಂತು ಅಂತ ದಿನವಿಡೀ ಕೂಡಿಹಾಕಿದರೆ ಅಷ್ಟು ಜಾಗ ಸಾಲದು. ಮೇವು, ನೀರು ಒಂದೇ ಕಡೆ ಇದೆಯಾ? ಎರಡು ಕಡೆ ಇಡಿ. ಆಗ ಬಡ ಕೋಳಿಗೂ ಸಿಗುತ್ತದೆ. ಬರೀ ರಾಗಿ, ಜೋಳ ಹಾಕುತ್ತಿದ್ದೀರಾ? ಅದು ಸಾಲದು. ಗೆದ್ದಲು, ಹುಳು, ಕಡಲೆಕಾಯಿ ಹಿಂಡಿ ಸಿಗಬೇಕು. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಹಾಕಬೇಡಿ, ಅದು ವಿಷ. ಕೂಡಿಹಾಕಿದ ದಿನ ಒಂದು ಕಟ್ಟು ಸೊಪ್ಪನ್ನು ಗೂಡಿನಲ್ಲಿ ತೂಗುಹಾಕಿ. ಅದನ್ನು ಕುಕ್ಕುತ್ತಾ ಹೊತ್ತು ಕಳೆಯುತ್ತವೆ. ಒಂದೇ ಕೋಳಿ ಎಲ್ಲವನ್ನೂ ಕುಕ್ಕುತ್ತಿದ್ದರೆ, ಅದನ್ನೇ ಕೆಲವು ದಿನ ಬೇರೆ ಇಡಿ.

ಕೊನೆಗೆ ನಿಮಗೊಂದು ಕೆಲಸ. ಬೇರೆ ಮಾಡು, ಒತ್ತು, ತೊಳೆ, ಹಚ್ಚು, ಕಾರಣ ಹುಡುಕು. ಈ ಐದು ಮಾತನ್ನು ನಿಮ್ಮ ಕೈಯಾರೆ ದೊಡ್ಡದಾಗಿ ಬರೆಯಿರಿ. ಗೂಡಿನ ಹತ್ತಿರ ಗೋಡೆಗೆ ಅಂಟಿಸಿ. ನೀವು ಮನೆಯಲ್ಲಿ ಇಲ್ಲದಾಗ ಮಕ್ಕಳಾದರೂ ಓದಿ ಮಾಡುತ್ತಾರೆ.