ಮಾನಸಿಕ ಆರೋಗ್ಯ ಸೇವೆಯವರ ನಿರಂತರ ಶಿಕ್ಷಣ



ವೈದ್ಯರನ್ನು ಆರಿಸಿಕೊಳ್ಳುವಾಗ ನಾವು ಅವರ ಹೆಸರಿನ ಜೊತೆಗಿರುವ ಪದವಿಗಳನ್ನು ನೋಡುತ್ತೇವೆ. ಆ ಪದವಿ ಎಷ್ಟು ವರ್ಷ ಹಳೆಯದು, ಅದಾದ ಮೇಲೆ ಅವರು ಏನನ್ನು ಕಲಿತರು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕೇಳಿದರೆ ಅಗೌರವವಾದೀತೆಂಬ ಅಳುಕು. ಆದರೆ ಮನಸ್ಸಿನ ಕಾಯಿಲೆಗಳ ಚಿಕಿತ್ಸೆಯಲ್ಲಿ ಈ ಪ್ರಶ್ನೆಗೆ ಬಹಳ ತೂಕವಿದೆ. ಇಲ್ಲಿ ಚಿಕಿತ್ಸೆ ನೀಡುವವರು ಮನೋವೈದ್ಯರು ಮಾತ್ರವಲ್ಲ. ಚಿಕಿತ್ಸಾ ಮನೋವಿಜ್ಞಾನಿಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಈ ವಿಭಾಗದ ದಾದಿಯರು, ಆಪ್ತಸಮಾಲೋಚಕರು ಎಲ್ಲರೂ ಸೇರಿ ಒಂದು ತಂಡ. ಇವರಲ್ಲಿ ಅನೇಕರ ಉಪಕರಣ ಮಾತು ಮತ್ತು ಕಿವಿ. ಯಂತ್ರ ಹಳತಾದರೆ ಕಣ್ಣಿಗೆ ಕಾಣುತ್ತದೆ. ಕೇಳುವ ಪದ್ಧತಿ ಹಳತಾದರೆ ಯಾರಿಗೂ ಕಾಣುವುದಿಲ್ಲ.

ಮೂವತ್ತು ವರ್ಷಗಳ ಹಿಂದೆ ಪದವಿ ಪಡೆದ ಒಬ್ಬ ಚಿಕಿತ್ಸಕರನ್ನು ಊಹಿಸಿಕೊಳ್ಳೋಣ. ಆತ್ಮಹತ್ಯೆಯ ಪ್ರಯತ್ನ ಅಪರಾಧವೆಂದು ಅವರು ಓದಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಅಂಥ ಪ್ರಯತ್ನ ಮಾಡಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲವೇ ಇಲ್ಲ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ನೀಡುವುದನ್ನು ಅದೇ 2017ರ ಕಾಯಿದೆ ನಿಷೇಧಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನೂ ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ ತಿಂಗಳಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸತ್ತದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಸಲಿಂಗ ಆಕರ್ಷಣೆಯನ್ನು ಕಾಯಿಲೆಯೆಂದು ಬಗೆದು ‘ವಾಸಿ’ ಮಾಡಲು ಹೊರಡುವುದು ವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯೂ ಅದೇ ವರ್ಷ ಜಾರಿಗೆ ಬಂತು. ನಮ್ಮ ಚಿಕಿತ್ಸಕರು ಹಳೆಯ ಟಿಪ್ಪಣಿ ಪುಸ್ತಕವನ್ನೇ ನಂಬಿ ಕುಳಿತಿದ್ದರೆ ಅವರು ಅಜ್ಞಾನಿಗಳಲ್ಲ, ದುಷ್ಟರೂ ಅಲ್ಲ. ಆದರೂ ಅವರ ಕೈಯಿಂದ ರೋಗಿಗೆ ಅಪಾಯವಾಗಬಹುದು.

ತರಬೇತಿಯ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಒಳ್ಳೆಯ ಪರಂಪರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಕರ್ನಾಟಕದಲ್ಲಿ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾಯಿತು. ದೇಶದ ಅಗತ್ಯಕ್ಕೆ ತಕ್ಕಷ್ಟು ಮನೋವೈದ್ಯರನ್ನು ಸಿದ್ಧಪಡಿಸುವುದು ಹತ್ತಿರದ ಕಾಲದಲ್ಲಿ ಆಗದ ಮಾತೆಂದು ಮೊದಲೇ ತಿಳಿದಿತ್ತು. ಆದ್ದರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿದರು. ಕಲಿಸಿದ್ದು ಹೆಚ್ಚೇನಲ್ಲ: ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗಗಳನ್ನು ಗುರುತಿಸುವುದು, ಕೆಲವೇ ಔಷಧಿಗಳನ್ನು ಸರಿಯಾಗಿ ಬಳಸುವುದು, ಯಾರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂದು ತಿಳಿಯುವುದು. ತರಬೇತಿ ಮುಗಿದ ಮೇಲೂ ಜಿಲ್ಲಾ ತಂಡವು ಅವರ ಕೆಲಸವನ್ನು ನೋಡಿ ತಿದ್ದುತ್ತಿತ್ತು. ನನ್ನ ದೃಷ್ಟಿಯಲ್ಲಿ ಆ ಯೋಜನೆಯ ಜೀವಾಳ ಇದೇ. ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮುಖ್ಯ ಮಾನಸಿಕ ಕಾಯಿಲೆಗಳಿಂದ ನರಳುವ 100 ಮಂದಿಯಲ್ಲಿ 70ಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇಷ್ಟು ಕೊರತೆಯಿರುವಾಗ, ಹೇಗೋ ಚಿಕಿತ್ಸಕರ ತನಕ ಬಂದು ಮುಟ್ಟಿದ ರೋಗಿಯನ್ನು ತಪ್ಪಾಗಿ ಕೇಳಿ ಹಿಂದಕ್ಕೆ ಕಳಿಸುವುದು ಎಂಥ ನಷ್ಟವೆಂದು ನೀವೇ ಯೋಚಿಸಿ.

ಮೇಲ್ವಿಚಾರಣೆಯಿಂದ ಏನಾಗುತ್ತದೆ ಎಂಬುದಕ್ಕೆ ನಾನೇ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಇದೇ ನಗರದ ಒಂದು ಆಸ್ಪತ್ರೆಯಲ್ಲಿ ಸಮಾಲೋಚಕರ ವಾರದ ಪ್ರಕರಣ ಚರ್ಚೆಯನ್ನು ಕೆಲಕಾಲ ನಾನು ನಡೆಸುತ್ತಿದ್ದೆ. ರೋಗಿಯ ಹೆಸರು ಹೇಳದೆ ಒಬ್ಬೊಬ್ಬರೂ ಒಂದೊಂದು ಪ್ರಕರಣವನ್ನು ಮುಂದಿಡಬೇಕು. ಉಳಿದವರು ಪ್ರಶ್ನೆ ಕೇಳಬೇಕು. ಒಂದು ದಿನ ಮರಾಠಿ ಮನೆಮಾತಿನ ತರುಣಿಯೊಬ್ಬಳು, ವಿಜಯಪುರದ ಕಡೆಯಿಂದ ಮಗನ ಮನೆಗೆ ಬಂದಿದ್ದ ವೃದ್ಧೆಯೊಬ್ಬರ ವಿಷಯ ಹೇಳಿದಳು. ಎದೆಯುರಿ, ನಿದ್ರೆಯಿಲ್ಲ, ಊಟ ಸೇರುವುದಿಲ್ಲ. ಹೃದಯದ ಪರೀಕ್ಷೆ ಎರಡು ಬಾರಿ ಆಗಿ, ದೋಷವಿಲ್ಲವೆಂದು ತಿಳಿದ ಮೇಲೆ ಇವಳ ಬಳಿಗೆ ಕಳಿಸಿದ್ದರು. ಅವಳು ಕ್ರಮವಾಗಿ ಎಲ್ಲ ಪ್ರಶ್ನೆಗಳನ್ನೂ ಕೇಳಿ, ‘ವಯೋಸಹಜ ಆತಂಕ’ ಎಂದು ಬರೆದು, ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದಳು.

ಸಹೋದ್ಯೋಗಿಯೊಬ್ಬರು ಕೇಳಿದರು: “ನಿಮಗೆ ಕನ್ನಡ ಬಾರದು, ಅವರಿಗೆ ಮರಾಠಿ ಬಾರದು. ನಡುವೆ ಮಾತನಾಡಿದವರು ಯಾರು?”

ಹನ್ನೊಂದು ವರ್ಷದ ಮೊಮ್ಮಗ.

“ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಿದಿರಾ?”

ಕೇಳಿರಲಿಲ್ಲ. ಹುಡುಗನ ಬಾಯಿಂದ ಆ ಮಾತನ್ನು ಹೇಗೆ ಕೇಳಿಸುವುದು ಎಂಬ ಸಂಕೋಚ ಒಂದು. ಕೇಳಿದರೆ ಇಲ್ಲದ ಯೋಚನೆಯನ್ನು ತಾನೇ ತಲೆಗೆ ಹಾಕಿದಂತಾದೀತೆಂಬ ಭಯ ಇನ್ನೊಂದು. ಈ ಭಯ ಬಹಳ ಜನರಲ್ಲಿದೆ. ಇಲ್ಲಿ ಕುಳಿತವರಲ್ಲೂ ಇರಬಹುದು. ಅದು ತಪ್ಪು. ನೇರವಾಗಿ, ಮರ್ಯಾದೆಯಿಂದ ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಆ ತರುಣಿ ತನ್ನ ಪಠ್ಯದಲ್ಲಿ ಇದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಓದಿದ್ದು ಬಾಯಿಗೆ ಬರಬೇಕಾದರೆ ಯಾರಾದರೂ ಎದುರು ಕುಳಿತು ಅಭ್ಯಾಸ ಮಾಡಿಸಬೇಕು.

ಅಂದು ಉಳಿದ ಅರ್ಧ ಗಂಟೆ ನಾವು ಅದನ್ನೇ ಮಾಡಿದೆವು. ಅದೇ ಆಸ್ಪತ್ರೆಯಲ್ಲಿ ಬಾಗಲಕೋಟೆಯ ಕಡೆಯ ದಾದಿಯೊಬ್ಬರಿದ್ದರು. ಎರಡು ದಿನಗಳಲ್ಲೇ ಅಜ್ಜಿಯನ್ನು ಮತ್ತೆ ಕರೆಸಿ, ಮನೆಯವರನ್ನು ಹೊರಗೆ ಕೂರಿಸಿ, ಆ ದಾದಿಯ ಮೂಲಕ ಮಾತು ನಡೆಯಿತು. ಮೊಮ್ಮಗ ‘ಅಸಿಡಿಟಿ’ ಎಂದು ಅನುವಾದಿಸಿದ್ದ ಮಾತು, ಅಜ್ಜಿಯ ಬಾಯಲ್ಲಿ “ಎದಿಯೊಳಗ ಬೆಂಕಿ ಇಟ್ಟಾಂಗ ಆಗೇತಿ” ಎಂದಿತ್ತು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಊರಿನ ಮನೆಗೆ ಬೀಗ ಬಿದ್ದಿತ್ತು. “ಅವ್ವಾ, ಈ ಸಂಕಟದಾಗ ಜೀವಾನ ಬ್ಯಾಡ ಅನಸೇತೇನು?” ಎಂದು ದಾದಿ ಕೇಳಿದಾಗ ಅವರು ಬಹಳ ಹೊತ್ತು ಅತ್ತರು. ಯೋಚನೆ ಬರೀ ಯೋಚನೆಯಾಗಿ ಉಳಿದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅಂದೇ ಮನೋವೈದ್ಯರು ನೋಡಿದರು. ಅಜ್ಜಿಯ ಒಪ್ಪಿಗೆ ಪಡೆದು ಮಗನಿಗೂ ಸೊಸೆಗೂ ತಿಳಿಸಿ ಎಚ್ಚರಿಕೆ ವಹಿಸಲಾಯಿತು. ಖಿನ್ನತೆಗೆ ಔಷಧಿ ಆರಂಭವಾಯಿತು.

ನಿಯಮಗಳು ನಮ್ಮಲ್ಲಿ ಇಲ್ಲವೆಂದಲ್ಲ. ವೈದ್ಯರು ಐದು ವರ್ಷಗಳಿಗೊಮ್ಮೆ ಕನಿಷ್ಠ 30 ಗಂಟೆಗಳ ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು 2002ರ ವೃತ್ತಿ ನಡತೆಯ ನಿಯಮಾವಳಿ ಹೇಳಿತು. ಚಿಕಿತ್ಸಾ ಮನೋವಿಜ್ಞಾನಿಗಳ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನದು. ಅದರ ನವೀಕರಣಕ್ಕೆ ಇಂಥ ಶಿಕ್ಷಣದ ಅಂಕಗಳು ಬೇಕು. 2021ರ ಕೇಂದ್ರ ಕಾಯಿದೆಯೊಂದು ಸಮಾಲೋಚಕರನ್ನೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ಸಹವೈದ್ಯಕೀಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಅದರ ಅನುಷ್ಠಾನ ಎಲ್ಲ ರಾಜ್ಯಗಳಲ್ಲೂ ಒಂದೇ ವೇಗದಲ್ಲಿ ನಡೆದಿಲ್ಲ. ಆದರೆ ಗಂಟೆಗಳನ್ನು ಎಣಿಸುವುದು ಸುಲಭ. ಹೋಟೆಲಿನ ಸಭಾಂಗಣದಲ್ಲಿ ಉಪನ್ಯಾಸ ಕೇಳಿ, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ. (ನಾನೂ ಅಂಥ ಊಟ ಮಾಡಿದವನೇ.) ಇದಕ್ಕಿಂತ, ನಿಮ್ಹಾನ್ಸ್‌ನಂಥ ಸಂಸ್ಥೆಗಳು ದೂರದ ಜಿಲ್ಲೆಗಳ ವೈದ್ಯರೊಡನೆ ವಿಡಿಯೊ ಮೂಲಕ ನಡೆಸುವ ಪ್ರಕರಣ ಚರ್ಚೆಗಳು ಬಳ್ಳಾರಿಯ ದಾರಿಗೆ ಹತ್ತಿರವಾದವು. ಕಲಿಯುವವರು ತಮ್ಮ ರೋಗಿಗಳನ್ನು ಬಿಟ್ಟು ಊರು ದಾಟಬೇಕಾಗಿಲ್ಲ. ನಿನ್ನೆ ನೋಡಿದ ರೋಗಿಯ ಬಗ್ಗೆಯೇ ಕೇಳಬಹುದು. ದಿನವಿಡೀ ಪರರ ದುಃಖ ಕೇಳುವವರಿಗೆ ತಮ್ಮ ಭಾರವನ್ನು ಇಳಿಸಿಕೊಳ್ಳುವ ಜಾಗವೂ ಇದೇ.

ಇನ್ನು ನಿಮ್ಮ ಕಡೆಯ ಮಾತು. ಸಮಾಲೋಚಕರ ಬಳಿ ಹೋದಾಗ, ನಿಮ್ಮ ನೋಂದಣಿ ಎಲ್ಲಿಯದು, ಕಷ್ಟದ ಪ್ರಕರಣಗಳನ್ನು ನೀವು ಯಾರೊಡನೆ ಚರ್ಚಿಸುತ್ತೀರಿ ಎಂದು ವಿನಯದಿಂದ ಕೇಳಬಹುದು. ಚೆನ್ನಾಗಿ ಕಲಿತವರು ಇದಕ್ಕೆ ಬೇಸರಪಡುವುದಿಲ್ಲ. ಮನೆಯ ಮಕ್ಕಳನ್ನು ದುಭಾಷಿಗಳಾಗಿ ಕಳಿಸಬೇಡಿ; ಕನ್ನಡ ಬಲ್ಲ ಸಿಬ್ಬಂದಿ ಇದ್ದಾರೆಯೇ ಎಂದು ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅದು ಹಲವು ಭಾಷೆಗಳಲ್ಲಿ ನಡೆಯುವ ಸೇವೆ. ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಲು ಸಂಕೋಚ ಬೇಡ.

ಆ ತರುಣಿ ಈಗ ಬೇರೊಂದು ಆಸ್ಪತ್ರೆಯಲ್ಲಿ ಹೊಸಬರ ಪ್ರಕರಣ ಚರ್ಚೆಯನ್ನು ನಡೆಸುತ್ತಾಳೆ. ಅಜ್ಜಿಯ ಮನೆಯವರು ಊರಿನ ಮನೆಯ ಬೀಗ ತೆಗೆಸಿ, ಸುಣ್ಣ ಹೊಡೆಸಿದರು. ಸುಗ್ಗಿಯ ಕಾಲದಲ್ಲಿ ಎರಡು ತಿಂಗಳು ಅವರು ಅಲ್ಲಿಯೇ ಇದ್ದು ಬರುತ್ತಾರಂತೆ. ಔಷಧಿ ಚೀಟಿಯ ಕನ್ನಡ ಪ್ರತಿಯನ್ನು ಆ ದಾದಿಯೇ ಬರೆದುಕೊಟ್ಟಿದ್ದಾರೆ.