ಪಾದಮರ್ದನ: ವಿಶ್ರಾಂತಿಗೆ ಸಾಧನ, ಔಷಧಕ್ಕೆ ಬದಲಿಯಲ್ಲ

(ನಾಗಪುರದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಬೇಸಿಗೆಯಲ್ಲಿ ಉಷ್ಣತೆಯು 45 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ನಾಗಪುರದಲ್ಲಿ ಅಂಗಾಲಿನ ಉರಿಯನ್ನು ಅರಿಯದವರು ವಿರಳ. ಇಲ್ಲಿನ ಮನೆಗಳಲ್ಲಿ ಅಂಗಾಲಿಗೆ ತುಪ್ಪ ಸವರಿ ಕಂಚಿನ ಬಟ್ಟಲಿನಿಂದ ಉಜ್ಜುವ ವಾಡಿಕೆಯುಂಟು. ನಮ್ಮ ಕಡೆಯ ಹಿರಿಯರು ಇದೇ ಕಾರ್ಯಕ್ಕೆ ಹರಳೆಣ್ಣೆಯನ್ನು ಬಳಸುತ್ತಾರೆ. ವಾಗ್ಭಟನ ಅಷ್ಟಾಂಗಹೃದಯವೂ ದಿನಚರಿಯ ಪ್ರಸಂಗದಲ್ಲಿ ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಅಭ್ಯಂಗವನ್ನು ವಿಧಿಸಿದೆ. ರಿಫ್ಲೆಕ್ಸಾಲಜಿ ಎಂಬ ಹೆಸರು ಹೊಸದಿರಬಹುದು. ಪಾದವನ್ನೊತ್ತಿ ದಣಿವಾರಿಸುವುದು ನಮಗೆ ಹೊಸದಲ್ಲ.

ಈ ಪದ್ಧತಿಯ ಆಧುನಿಕ ರೂಪವು ಅಮೆರಿಕದಲ್ಲಿ ಬೆಳೆಯಿತು. ಕಿವಿ, ಮೂಗು, ಗಂಟಲಿನ ವೈದ್ಯರಾದ ವಿಲಿಯಂ ಫಿಟ್ಸ್‌ಜೆರಾಲ್ಡ್ ಅವರು ಶರೀರವನ್ನು ಹತ್ತು ನೀಳ ವಲಯಗಳಾಗಿ ವಿಭಜಿಸಿ, 1917ರಲ್ಲಿ ಸಹಲೇಖಕರೊಡನೆ ಗ್ರಂಥವೊಂದನ್ನು ಪ್ರಕಟಿಸಿದರು. ಯೂನಿಸ್ ಇಂಗಮ್ ಎಂಬ ಮಹಿಳೆ ಈ ಕಲ್ಪನೆಯನ್ನು ಪಾದಗಳಿಗೆ ಅನ್ವಯಿಸಿ 1938ರಲ್ಲಿ ತಮ್ಮ ಪುಸ್ತಕವನ್ನು ಹೊರತಂದರು. ಕಾಲ್ಬೆರಳುಗಳಿಗೂ ತಲೆಗೂ, ಪಾದದ ನಡುಭಾಗಕ್ಕೂ ಉದರದ ಅಂಗಗಳಿಗೂ ಸಂಬಂಧವಿದೆಯೆಂಬುದು ಈ ಪದ್ಧತಿಯ ನಂಬಿಕೆ. ಅಂತಹ ಸಂಬಂಧವನ್ನು ಶರೀರರಚನಾ ಶಾಸ್ತ್ರವು ಗುರುತಿಸಿಲ್ಲ. 2009ರಲ್ಲಿ ಎಡ್ಜಾರ್ಡ್ ಅರ್ನ್‌ಸ್ಟ್ ಅವರು 18 ಪ್ರಯೋಗಗಳನ್ನು ಪರಾಮರ್ಶಿಸಿ, ಯಾವುದೇ ರೋಗವು ಇದರಿಂದ ಗುಣವಾಗುವುದೆಂಬುದಕ್ಕೆ ಮನವೊಪ್ಪುವ ಆಧಾರ ದೊರೆತಿಲ್ಲವೆಂಬ ನಿರ್ಣಯಕ್ಕೆ ಬಂದರು.

ಹಾಗಾದರೆ ಇದು ನಿರರ್ಥಕವೇ? ಅಲ್ಲ. ಬಿಗಿದ ಸ್ನಾಯು ಸಡಿಲವಾಗುವುದು, ಉಸಿರು ನಿಧಾನಗೊಳ್ಳುವುದು, ಆತ್ಮೀಯರೊಬ್ಬರ ಸ್ಪರ್ಶದಿಂದ ಮನಸ್ಸು ಹಗುರಾಗುವುದು, ಇವು ಅನುಭವವೇದ್ಯವಾದ ಸಂಗತಿಗಳು. ನೆಮ್ಮದಿಗೆ ನೆರವಾಗುವುದು ಒಂದು, ರೋಗವನ್ನು ನೀಗುವುದು ಇನ್ನೊಂದು.

ಈ ಭೇದವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಸುಮಾರು 75 ಕಿಲೋಮೀಟರ್ ದೂರದಲ್ಲಿ ಸೇವಾಗ್ರಾಮವಿದೆ. ಕುಷ್ಠರೋಗಿಯಾಗಿದ್ದ ಸಂಸ್ಕೃತ ವಿದ್ವಾಂಸ ಪರ್ಚುರೆ ಶಾಸ್ತ್ರಿಗಳಿಗೆ ಗಾಂಧೀಜಿಯವರು ಅಲ್ಲಿ ಆಶ್ರಯವಿತ್ತು, ಜನ ಮುಟ್ಟಲಂಜುತ್ತಿದ್ದ ಆ ಶರೀರಕ್ಕೆ ತಮ್ಮ ಕೈಯಿಂದಲೇ ಮರ್ದನ ಮಾಡಿದರು. ಆ ಸ್ಪರ್ಶವು ರೋಗಿಗೆ ಗೌರವವನ್ನೂ ಸಮಾಧಾನವನ್ನೂ ತಂದಿತು. ಆದರೆ ಕುಷ್ಠವನ್ನು ಗುಣಪಡಿಸಿದ್ದು ಮುಂದೆ ಬಂದ ಔಷಧಗಳು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಅಸಂಖ್ಯ ರೋಗಿಗಳು ಗುಣಮುಖರಾದರು. ಸ್ಪರ್ಶವೂ ಬೇಕು, ಔಷಧವೂ ಬೇಕು. ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು.

ಕುಷ್ಠದಂತೆ ಮಧುಮೇಹವೂ ಪಾದದ ಸ್ಪರ್ಶಜ್ಞಾನವನ್ನು ಕುಂದಿಸಬಲ್ಲದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿನೀರು ಸುಟ್ಟರೂ, ಒತ್ತಡದಿಂದ ಚರ್ಮ ಒಡೆದರೂ ತಿಳಿಯದು. ಚಿಕ್ಕ ಗಾಯವೇ ಹುಣ್ಣಾಗಿ, ಕೊನೆಗೆ ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಒದಗಬಹುದು. ಆದುದರಿಂದ ಇಂಥವರು ವೈದ್ಯರನ್ನು ಕೇಳದೆ ಪಾದವನ್ನು ಒತ್ತಿಸಿಕೊಳ್ಳಬಾರದು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವುಂಟು. ಅದನ್ನು ಉಜ್ಜದೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಗಾಯ, ಮೂಳೆ ಮುರಿತ, ಸೋಂಕು ಇರುವಾಗಲೂ ಮರ್ದನ ಸಲ್ಲದು. ಗರ್ಭಿಣಿಯರು ಮೊದಲು ವೈದ್ಯರ ಸಲಹೆ ಪಡೆಯಲಿ.

ಆರೋಗ್ಯವಂತರಿಗೆ ವಿಧಾನ ಸರಳ. ಮಲಗುವ ಮುನ್ನ ಪಾದಗಳನ್ನು ತೊಳೆದು, ಬೆರಳುಗಳ ಸಂದುಗಳನ್ನೂ ಒರೆಸಿಕೊಳ್ಳಬೇಕು. ಅಂಗೈಗೆ ತುಸು ಎಳ್ಳೆಣ್ಣೆ ಹಚ್ಚಿಕೊಂಡು, ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಸಾಗಬೇಕು. ಒಂದೊಂದು ಪಾದಕ್ಕೆ ಏಳೆಂಟು ನಿಮಿಷ ಸಾಕು. ನೋವಾದರೆ ನಿಲ್ಲಿಸಬೇಕು. ಎಣ್ಣೆಯ ಕಾಲು ಜಾರದಂತೆ ಒರೆಸಿಕೊಂಡೇ ಏಳಬೇಕು.

ಪಾದವನ್ನು ನೋಡಿಯೇ ಹೃದಯದ, ಮೂತ್ರಪಿಂಡದ ಕಾಯಿಲೆಯನ್ನು ಹೇಳುವೆವೆಂಬವರನ್ನು, ಈಗ ಸೇವಿಸುತ್ತಿರುವ ಮಾತ್ರೆಯನ್ನು ಬಿಡಿರೆಂಬವರನ್ನು ನಂಬಬೇಡಿ. ರಾತ್ರಿ ಮನೆಯ ಹಿರಿಯರ ಪಾದವನ್ನೊತ್ತುವಾಗ ಅಲ್ಲಿ ಗಾಯವಾಗಲಿ, ಬಾವಾಗಲಿ ಇದೆಯೇ ಎಂದು ಬೆಳಕಿನಲ್ಲಿ ನೋಡಿ. ಅಂದಿನ ಔಷಧವನ್ನು ತೆಗೆದುಕೊಂಡಿದ್ದಾರೆಯೇ ಎಂದು ವಿಚಾರಿಸಿ. ಸೇವೆಯೂ ಚಿಕಿತ್ಸೆಯೂ ಜೊತೆಗೂಡಿ ನಡೆದಲ್ಲಿ ಮಾತ್ರವೇ ಈ ಪದ್ಧತಿಯಿಂದ ಹಿತವುಂಟು.