ಬಯಲುಸೀಮೆಯವನ ಹಡಗುಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)

ಕಂಪ್ಯೂಟರ್ ಬಗ್ಗೆ ಮಾತಾಡು ಅಂದಿದ್ದರು. ಅದು ದಿನಾ ಇದ್ದದ್ದೇ. ಇವತ್ತು ನನಗಿರುವ ಒಂದು ಹುಚ್ಚಿನ ಬಗ್ಗೆ ಹೇಳುತ್ತೇನೆ. ಹಳೆಯ ನೌಕಾಯುದ್ಧಗಳ ಚಿತ್ರಗಳನ್ನು ನಾನು ಸಂಗ್ರಹಿಸುತ್ತೇನೆ. ಮೂಲ ವರ್ಣಚಿತ್ರ ಕೊಳ್ಳುವಷ್ಟು ಸಂಬಳವಿಲ್ಲ. ನನ್ನಲ್ಲಿರುವುದು ಅಚ್ಚಿನ ಪ್ರತಿಗಳು, ಫೋಟೋಗಳು.

ಹೊಸಪೇಟೆಯವನಿಗೆ ಸಮುದ್ರ ಎಲ್ಲಿಯದು? ನಮಗೆ ಡ್ಯಾಮಿನ ಹಿನ್ನೀರೇ ಸಮುದ್ರ, ಹಂಪಿಯ ಹರಿಗೋಲೇ ಹಡಗು. ಕಂಪ್ಲಿಯ ಅತ್ತೆಯ ಮನೆಗೆ ಹೋದಾಗ ಹೊಳೆ ಬಂದು ಸೇತುವೆ ಮುಳುಗಿದ್ದನ್ನು ನೋಡಿ, ಇದಕ್ಕಿಂತ ದೊಡ್ಡ ನೀರು ಇರಲಾರದು ಅಂದುಕೊಂಡಿದ್ದೆ.

ಅಪ್ಪ ಲಾರಿ ಡ್ರೈವರ್. ಸಂಡೂರಿನ ಅದಿರನ್ನು ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿಗೆ ಒಯ್ಯುತ್ತಿದ್ದರು. ಮನೆಗೆ ಬಂದರೆ ರೆಪ್ಪೆಯ ಕೂದಲೂ ಕೆಂಪು. ಒಂದು ಸಲ ಬರುವಾಗ ಕ್ಯಾಲೆಂಡರ್ ತಂದರು. ಎರಡು ಹಾಯಿಹಡಗುಗಳು ಎದುರುಬದುರಾಗಿ ತೋಪು ಹಾರಿಸುವ ಚಿತ್ರ. “ಅಲ್ಲಿ ಹಡಗು ಹಿಂಗಿರಂಗಿಲ್ಲಪಾ, ಬರೇ ಕಬ್ಬಿಣ. ನಮ್ಮ ಗುಡ್ಡ ಎಲ್ಲಾ ಅದರಾಗ ಹೊಂಟೈತಿ” ಅಂದರು. ವರ್ಷ ಮುಗಿದರೂ ಚಿತ್ರ ಗೋಡೆಯಲ್ಲೇ ಇತ್ತು. ಅಕ್ಕನ ಮದುವೆಗೆ ಸುಣ್ಣ ಹೊಡೆಯುವಾಗ ಎಲ್ಲೋ ಹೋಯಿತು. ನಾನು ಬಿಇ ಮುಗಿಸುವ ಹೊತ್ತಿಗೆ ಅಪ್ಪನೂ ಇರಲಿಲ್ಲ. ಆ ಚಿತ್ರ ಹುಡುಕುತ್ತಾ ಹೊರಟವನಿಗೆ ಬೇರೆಲ್ಲ ಸಿಕ್ಕವು.

ಇಂಥ ಚಿತ್ರ ನೋಡುವಾಗ ನಾನು ಮೊದಲು ಬಾವುಟ, ಹೊಗೆ ನೋಡುತ್ತೇನೆ. ಬಾವುಟ ಒಂದು ಕಡೆ, ಹೊಗೆ ಇನ್ನೊಂದು ಕಡೆ ಹಾರಿದರೆ ಬರೆದವನಿಗೆ ಗಾಳಿ ಗೊತ್ತಿಲ್ಲ ಅಂತ ಅರ್ಥ. (ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಚಾಳಿ, ಕ್ಷಮಿಸಿ.) ಡೊಮಿನಿಕ್ ಸೆರ್ಸ್‌ಗೆ ಗಾಳಿ ಚೆನ್ನಾಗಿ ಗೊತ್ತಿತ್ತು, ಚಿತ್ರಕಾರನಾಗುವ ಮೊದಲು ಅವನು ನಾವಿಕ. 1756ರ ಫೆಬ್ರವರಿಯಲ್ಲಿ ಅಡ್ಮಿರಲ್ ವಾಟ್ಸನ್ ಕೊಂಕಣದ ವಿಜಯದುರ್ಗದ ಮೇಲೆ ಬಿದ್ದ; ತುಳಾಜಿ ಆಂಗ್ರೆಯ ಹಡಗುಗಳೆಲ್ಲ ಸುಟ್ಟುಹೋದವು. ಸೆರ್ಸ್ ಬರೆದ ಆ ಯುದ್ಧದ ಚಿತ್ರ ಇಂಗ್ಲೆಂಡಿನ ಗ್ರೀನಿಚ್ ಮ್ಯೂಸಿಯಂನಲ್ಲಿದೆ, ಪ್ರತಿ ನನ್ನ ಮನೆಯಲ್ಲಿದೆ.

ನಮಗೆ ಸಮಾಜ ಕಲಿಸಿದ ಮೇಷ್ಟ್ರು ಬೆಂಗಳೂರಿಗೆ ಬಂದಾಗ ಅದನ್ನು ಹೆಮ್ಮೆಯಿಂದ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಬರೆದವನು ಯಾವ ಕಡೆ ನಿಂತು ಬರೆದಾನ?” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆಯಲ್ಲಿದ್ದ ಚಿತ್ರಗಳನ್ನೆಲ್ಲ ಆ ರಾತ್ರಿ ಮತ್ತೆ ತೆಗೆದು ನೋಡಿದೆ. ಎಲ್ಲವೂ ಗೆದ್ದವರ ಹಡಗಿನ ಕಡೆಯಿಂದಲೇ. ದುಡ್ಡು ಕೊಟ್ಟು ಬರೆಸಿದವರು ಅವರೇ ತಾನೆ!

ಸತ್ತವರ ಕಡೆಯಿಂದ ಮಾಡಿದ ಚಿತ್ರ ಸಿಕ್ಕಿದ್ದು ಕೆಲಸಕ್ಕೆಂದು ಮುಂಬೈಯಲ್ಲಿದ್ದಾಗ, ಬೋರಿವಲಿಯ ಎಕ್ಸಾರ್‌ನಲ್ಲಿ. ಚಿತ್ರವಲ್ಲ, ವೀರಗಲ್ಲು. ಬದಿಯಲ್ಲಿ ಹುಟ್ಟುಗಳ ಸಾಲಿರುವ ಹಡಗುಗಳು, ಕಾದಾಡುವ ಯೋಧರು. ಮೇಲೆ ಹೋದಂತೆ ಸ್ವರ್ಗ, ಶಿವ. 13ನೇ ಶತಮಾನದಲ್ಲಿ ದೇವಗಿರಿಯ ಯಾದವ ಮಹಾದೇವನಿಗೂ ಶಿಲಾಹಾರ ಸೋಮೇಶ್ವರನಿಗೂ ನಡೆದ ಸಮುದ್ರಯುದ್ಧವಿದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಊರುಗಳಲ್ಲಿ ದನ ಕಾಯಲು ಹೋಗಿ ಸತ್ತವನಿಗೆ ನಿಲ್ಲಿಸಿದಂಥದೇ ಕಲ್ಲು; ದನದ ಜಾಗದಲ್ಲಿ ಹಡಗು. ಅದರ ಮುಂದೆ ನಿಂತಾಗ ಯಾಕೋ ಅಪ್ಪನ ಲಾರಿ ನೆನಪಾಯಿತು.

ಮಕ್ಕಳೇ, ಹಜಾರ ರಾಮ ದೇವಸ್ಥಾನದ ಹೊರಗೋಡೆಯ ಕುದುರೆಗಳನ್ನು ನೀವು ಟೂರಿನಲ್ಲಿ ನೋಡಿದ್ದೀರಿ. ವಿಜಯನಗರಕ್ಕೆ ಒಳ್ಳೆಯ ಕುದುರೆ ಬರುತ್ತಿದ್ದದ್ದು ಅರಬ್ಬರ ನಾಡಿನಿಂದ, ಹಡಗಿನಲ್ಲಿ. 1510ರಲ್ಲಿ ಆಲ್ಬುಕರ್ಕ್ ಗೋವಾ ಹಿಡಿಯಲು ಜೊತೆಗೆ ನಿಂತವನು ಹೊನ್ನಾವರ ಕಡೆಯ ತಿಮ್ಮೋಜ. ಆಗ ಹಂಪಿಯಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ. ಸಮುದ್ರ ನಮಗೆ ನಾನು ತಿಳಿದಷ್ಟು ದೂರವಿರಲಿಲ್ಲ.

ಅಪ್ಪನ ಚಿತ್ರ ಇನ್ನೂ ಸಿಕ್ಕಿಲ್ಲ. ಇಲ್ಲಿ ಲಾರಿ ಓಡಿಸಿದವರ ಮನೆಗಳು ಬಹಳ ಇವೆ. ಅಟ್ಟದಲ್ಲೋ ಟ್ರಂಕಿನಲ್ಲೋ ಅಂಥ ಕ್ಯಾಲೆಂಡರ್ ಇದ್ದರೆ ನನಗೆ ಕೊಡಬೇಡಿ, ಒಂದು ಫೋಟೋ ತೆಗೆದು ಕಳಿಸಿ ಸಾಕು. ಎಡಗಡೆಯ ಹಡಗಿನ ನಡುಕಂಬ ಮುರಿದಿದೆ, ಕೆಳಗೆ ನೀರಿನಲ್ಲಿ ಇಬ್ಬರು ಈಜುತ್ತಿದ್ದಾರೆ.